ಮಧ್ಯಯುಗದಲ್ಲಿ ಬಿಷಪ್ ಒಬ್ಬ ರಾಜ್ಯದ ಆಡಳಿತವನ್ನೇ ನಡೆಸಿದ ಉದಾಹರಣೆ ಇದೆಯೇ?

ಇದೆ. ಇಂಗ್ಲೆಂಡಿನ ಸಾಲ್ಸ್‌ಬರಿಯ ಬಿಷಪ್ ರೋಜರ್. ಈಗಿನ ಫ್ರಾನ್ಸಿನ ನಾರ್ಮಂಡಿಯ ಸಾಮಾನ್ಯ ಪಾದ್ರಿಯಾಗಿದ್ದ ಆತ ಪೂಜೆಯನ್ನು ಬೇಗ ಮುಗಿಸುತ್ತಿದ್ದುದೇ ರಾಜಕುಮಾರ ಹೆನ್ರಿಗೆ ಹಿಡಿಸಿತೆಂಬ ಕಥೆಯಿದೆ. ಹೆನ್ರಿ ಇಂಗ್ಲೆಂಡಿನ ದೊರೆ (ಮೊದಲನೇ ಹೆನ್ರಿ) ಆದ ಮೇಲೆ ರೋಜರ್ 1101ರಲ್ಲಿ ಚಾನ್ಸಲರ್, ಅಂದರೆ ದೊರೆಯ ಪತ್ರವ್ಯವಹಾರದ ಮುಖ್ಯಸ್ಥ, ಆದ. 1107ರಲ್ಲಿ ಬಿಷಪ್ ದೀಕ್ಷೆ ಪಡೆದ. ಓದುಬರಹ, ಲೆಕ್ಕ ಬಲ್ಲವರು ಆಗ ಹೆಚ್ಚಾಗಿ ಪಾದ್ರಿಗಳೇ. ಅವರಿಗೆ ಚರ್ಚಿನ ಆದಾಯವೇ ಸಂಬಳ.

ರೋಜರನ ದೊಡ್ಡ ಕೆಲಸ ಎಕ್ಸ್‌ಚೆಕರ್ ಎಂಬ ಲೆಕ್ಕಪರಿಶೋಧನೆಯ ವ್ಯವಸ್ಥೆಯನ್ನು ಗಟ್ಟಿಗೊಳಿಸಿದ್ದು. ಗೆರೆ ಎಳೆದ ಬಟ್ಟೆ ಹೊದಿಸಿದ, ಸುಮಾರು 10 ಅಡಿ ಉದ್ದ, 5 ಅಡಿ ಅಗಲದ ಮೇಜು. ಅದರ ಮನೆಗಳಲ್ಲಿ ಬಿಲ್ಲೆಗಳನ್ನಿಟ್ಟು, ಜಿಲ್ಲೆಯಲ್ಲಿ ದೊರೆಯ ಅಧಿಕಾರಿಯಾದ ಶೆರೀಫ್ ಕಟ್ಟಬೇಕಾದ ಹಣವೆಷ್ಟು, ತಂದದ್ದೆಷ್ಟು ಎಂದು ಅವನ ಕಣ್ಣೆದುರೇ ಕೂಡಿ ಕಳೆಯುತ್ತಿದ್ದರು. ರೋಮನ್ ಅಂಕಿಗಳ ಕಾಲಕ್ಕೆ ಇದು ನಿಜಕ್ಕೂ ಅದ್ಭುತ ಉಪಾಯ. 1130ರ ಲೆಕ್ಕದ ಸುರುಳಿ ಇಂದಿಗೂ ಉಳಿದಿದೆ.

ಆದರೆ ಆತ ಸ್ವಜನಪಕ್ಷಪಾತಿಯೂ ಹೌದು: ಸೋದರಳಿಯರಾದ ಅಲೆಕ್ಸಾಂಡರ್, ನೈಜಲ್ ಇಬ್ಬರೂ ಬಿಷಪ್ಪರಾದರು. ಈ ಕುಟುಂಬದ ಕೋಟೆಗಳನ್ನು ಕಂಡು ಶಂಕಿಸಿದ, ಹೆನ್ರಿಯ ನಂತರದ ದೊರೆ ಸ್ಟೀಫನ್ 1139ರ ಜೂನ್‌ನಲ್ಲಿ ರೋಜರನನ್ನು ಬಂಧಿಸಿ ಅವುಗಳನ್ನು ಕಸಿದುಕೊಂಡ. ಅದೇ ಡಿಸೆಂಬರ್‌ನಲ್ಲಿ ರೋಜರ್ ತೀರಿಕೊಂಡ. ಸ್ಟೀಫನ್‌ನ ಕಾಲದಲ್ಲಿ ಕುಸಿದಿದ್ದ ಎಕ್ಸ್‌ಚೆಕರನ್ನು ಮುಂದೆ ದೊರೆ ಎರಡನೇ ಹೆನ್ರಿಯ ಕಾಲದಲ್ಲಿ ಎತ್ತಿ ನಿಲ್ಲಿಸಿದವನು ಸೋದರಳಿಯ ನೈಜಲನೇ.