ರೊಟ್ಟಿ ಮಾತು ಆಮೇಲೆ, ಮೊದಲು ಆ ಎಡಗಾಲು

ವಿಜಯಪುರದ ಓದುಗರೊಬ್ಬರ ಪತ್ರ. ಅವರ ಅವ್ವನಿಗೆ 58 ವರ್ಷ, ಜಮಖಂಡಿ ಹತ್ತಿರದ ಊರಲ್ಲಿ ಮಗ-ಸೊಸೆಯ ಜೊತೆ ಇದ್ದಾರೆ. ಅಂಡಾಶಯದ ಕ್ಯಾನ್ಸರಿಗೆ ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಎಂಟನೇ ದಿನ ಮನೆಗೆ ಬಂದರು. 13ನೇ ದಿನ ಹೊಟ್ಟೆ ಉಬ್ಬಿ, ಹಸಿರು ವಾಂತಿಯಾಗಿ ಮತ್ತೆ ಅಡ್ಮಿಟ್. ಮೂಗಿಗೆ ನಳಿಗೆ, ಸಲಾಯಿನ್, ನಾಲ್ಕು ದಿನಕ್ಕೆ ಡಿಸ್ಚಾರ್ಜ್. ಈಗ ಬಂಧುಗಳೆಲ್ಲ "ಸೊಸಿ ರೊಟ್ಟಿ ತಿನಿಸಿದ್ದಕ್ಕ ಹಿಂಗಾತು" ಅನ್ನುತ್ತಿದ್ದಾರೆ. ಅವ್ವನನ್ನು ನನ್ನ ಮನೆಗೇ ಕರೆತರಲೇ ಅಂತ ಮಗಳು ಕೇಳಿದ್ದಾರೆ.

ನೋಡ್ರಿ ತಂಗಿ, ಮೂರು ಪುಟದಲ್ಲಿ ಎರಡೂವರೆ ಪುಟ ವೈನಿಯ, ಅಂದರೆ ಆ ಸೊಸೆಯ, ಮೇಲಿನ ದೂರು. ಕೊನೆಗೆ ಒಂದು ಸಾಲು: "ಮೂರು ದಿನದಿಂದ ಎಡಗಾಲು ಸ್ವಲ್ಪ ಬಾತೈತಿ, ಸಂಜಿಮುಂದ ಎಣ್ಣಿ ಹಚ್ಚಿ ತಿಕ್ಕತೀವಿ." ನಡುವೆ ಎಲ್ಲೋ ಇನ್ನೊಂದು: 28 ದಿನ ಕೊಡಬೇಕಿದ್ದ ಹೊಟ್ಟೆಯ ಇಂಜೆಕ್ಷನ್ನನ್ನು ನೀಲಿ ಕಲೆ ನೋಡಿ ಮಾಮಾ 17ನೇ ದಿನಕ್ಕೇ ನಿಲ್ಲಿಸಿದರು. ಈ ಎರಡು ಸಾಲು ಸೇರಿಸಿ ಓದಿ.

ಆ ಇಂಜೆಕ್ಷನ್ ಎನಾಕ್ಸಪರಿನ್, ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಯ ಚರ್ಮದಡಿ ಚುಚ್ಚುವ ಔಷಧಿ, ಸಾಮಾನ್ಯವಾಗಿ ದಿನಕ್ಕೊಂದು, 40 ಮಿ.ಗ್ರಾಂ. ಕ್ಯಾನ್ಸರ್ ರಕ್ತವನ್ನು ಬೇಗ ಹೆಪ್ಪುಗಟ್ಟಿಸುತ್ತದೆ. ಅದರ ಮೇಲೆ ದೊಡ್ಡ ಆಪರೇಷನ್, ಹಾಸಿಗೆ, ಕಾರಿನಲ್ಲಿ ತಾಸುಗಟ್ಟಲೆ ಕಾಲು ಮಡಚಿದ ಪ್ರಯಾಣ. ಮನೆಗೆ ಬಂದ ಮೇಲೂ ಕಾಲಿನ ಒಳನರದಲ್ಲಿ ಹೆಪ್ಪು ಕಟ್ಟಬಹುದು ಅಂತಲೇ ನಾಲ್ಕು ವಾರ ಬರೆಯುತ್ತಾರೆ. ಚುಚ್ಚಿದ ಜಾಗದಲ್ಲಿ ಸಣ್ಣ ನೀಲಿ ಕಲೆ ಬೀಳುವುದು ಮಾಮೂಲು. ಮೂತ್ರದಲ್ಲಿ ರಕ್ತ, ಕಪ್ಪು ಮಲ, ಗಾಯದಿಂದ ನಿಲ್ಲದ ರಕ್ತ ಕಂಡರೆ ಮಾತ್ರ ತಕ್ಷಣ ಡಾಕ್ಟರಿಗೆ ಹೇಳಬೇಕು. ನಿಲ್ಲಿಸುವ ತೀರ್ಮಾನ ಡಾಕ್ಟರದು. ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಬೇಸರವಿಲ್ಲ: ಭೇಟಿಗೆ ಬಂದವರು ಬಾಳೆಹಣ್ಣು ಕೊಟ್ಟು ಹೋಗಲಿ, ಡಿಸ್ಚಾರ್ಜ್ ಕಾರ್ಡ್ ತಿದ್ದುವುದು ಬೇಡ. ನನ್ನ ಸಿಟ್ಟು ಮಾಮಾನ ಮೇಲೆ.

ವೈನಿಯ ತಪ್ಪು ಎಷ್ಟು? ಈ ಆಪರೇಷನ್ನಿನಲ್ಲಿ ಕರುಳನ್ನೆಲ್ಲ ಸರಿಸಿ, ಮುಟ್ಟಿ ನೋಡುತ್ತಾರೆ. ಆಮೇಲೆ ಅದು ಕೆಲಸ ನಿಲ್ಲಿಸಬಹುದು, ಒಂದಕ್ಕೊಂದು ಅಂಟಿಕೊಂಡು ದಾರಿ ಕಟ್ಟಿಹೋಗಬಹುದು. ಮರಳಿ ಅಡ್ಮಿಟ್ ಆಗುವುದಕ್ಕೆ ಇದು ದೊಡ್ಡ ಕಾರಣಗಳಲ್ಲಿ ಒಂದು. ಆಕೆ ರೊಟ್ಟಿ ಕೊಟ್ಟದ್ದೂ ಹಾಲಲ್ಲಿ ನೆನೆಸಿ, ಅಂತ ನೀವೇ ಬರೆದಿದ್ದೀರಿ. ಗಾಳಿ ಹೋಗುವುದು ನಿಂತಿದೆ ಅಂತ ಮೊದಲು ಗುರುತಿಸಿ ಗಾಡಿ ತರಿಸಿದವರೂ ಆಕೆಯೇ. ಇನ್ನು ಕೆಲವು ವಾರ ಮೆತ್ತನ್ನ ಅನ್ನ, ಮಜ್ಜಿಗೆ, ತಿಳಿಸಾರು, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ. ಹಸಿ ತಪ್ಪಲ ಪಲ್ಯ, ಕಾಳು ಸದ್ಯಕ್ಕೆ ಬೇಡ.

ಈಗ ಮಾಡಬೇಕಾದದ್ದು ಒಂದೇ: ಇವತ್ತೇ ಆ ಕಾಲಿಗೆ ಡಾಪ್ಲರ್ ಸ್ಕ್ಯಾನ್, ಅಂದರೆ ನರದಲ್ಲಿ ರಕ್ತ ಸರಿಯಾಗಿ ಹರಿಯುತ್ತಿದೆಯೇ ಅಂತ ನೋಡುವ ಸ್ಕ್ಯಾನ್. ಅಚ್ಚಿಗೆ ಹೋಗುವ ಮೊದಲೇ ನಿಮಗಿದನ್ನು ಫೋನಿನಲ್ಲಿ ತಿಳಿಸಲಾಗಿದೆ. ಇಲ್ಲಿ ಬರೆಯುತ್ತಿರುವುದು ಇಂಥ ಬೇರೆ ಮನೆಗಳಿಗಾಗಿ. ಮೊಣಕಾಲ ಕೆಳಗೆ 10 ಸೆಂ.ಮೀ. ಬಿಟ್ಟು ಎರಡೂ ಮೀನಖಂಡಕ್ಕೆ ಟೇಪು ಸುತ್ತಿದರೆ 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅನುಮಾನ ಗಟ್ಟಿ. ಕಡಿಮೆ ಬಂದರೂ ಹೋಗಿ. ಎಣ್ಣೆ ಹಚ್ಚಿ ತಿಕ್ಕುವುದು ಈಗಲೇ ನಿಲ್ಲಲಿ. ಹೆಪ್ಪು ಕಿತ್ತು ಪುಪ್ಪುಸಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಉಳಿದ ಸಿರಿಂಜ್ ತೆಗೆದು ನೀವೇ ಚುಚ್ಚಿ ಸುಮ್ಮನಾಗುವುದೂ ಬೇಡ. ಅದು ಹೆಪ್ಪು ಕಟ್ಟದಂತೆ ತಡೆಯುವ ಪ್ರಮಾಣ. ಕಟ್ಟಿದ್ದರೆ ತೂಕ ನೋಡಿ ಹೆಚ್ಚು ಕೊಡಬೇಕು, ತಿಂಗಳುಗಟ್ಟಲೆ. ಏದುಸಿರು, ಎದೆನೋವು, ಕಫದಲ್ಲಿ ರಕ್ತ ಬಂದರೆ ಸ್ಕ್ಯಾನಿಗೆ ಕಾಯದೆ 108.

ವಿಜಯಪುರಕ್ಕೆ ಕರೆತರುವ ಮಾತು ಸ್ಕ್ಯಾನ್ ಆದ ಮೇಲೆ, ಬೆಳಗಾವಿಯ ಡಾಕ್ಟರು ಕೀಮೋ ದಿನ ಗೊತ್ತುಮಾಡಿದ ಮೇಲೆ. ಕಾರ್ಡು, ಇಂಜೆಕ್ಷನ್ ಕೊಟ್ಟ ದಿನಗಳ ಲೆಕ್ಕ, ಉಳಿದ ಸಿರಿಂಜ್ ಒಂದು ಚೀಲದಲ್ಲಿ ಹಾಕಿಕೊಳ್ಳಲು ವೈನಿಗೆ ಹೇಳಿ. ಮಾಮಾನಿಗೆ ಫೋನ್ ಮಾಡುವ ಅವಸರವಿಲ್ಲ.