ಸಂದೇಹ–ಸಮಾಧಾನ: ಎಸ್‌ಡಿಎಂಸಿಯಲ್ಲಿ ಕೂರುವವರು

ಕೊಡಗಿನ ಸರ್ಕಾರಿ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಬಗ್ಗೆ, ಅಂದರೆ ಎಲ್ಲರ ಬಾಯಲ್ಲಿ ಎಸ್‌ಡಿಎಂಸಿ ಎಂದೇ ಉಳಿದಿರುವ ಸಮಿತಿಯ ಬಗ್ಗೆ, ಬಂದಿರುವ ಪತ್ರಗಳಲ್ಲಿ ಐದಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ. ಬರೆದವರು ಚಿಕ್ಕ ಊರುಗಳವರಾದ್ದರಿಂದ ಹೆಸರು ಮತ್ತು ಊರನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿರುವವಳು. ಮಗಳು ನಾಲ್ಕನೇ ತರಗತಿ ಓದುತ್ತಾಳೆ. ಪೋಷಕರ ಸಭೆಯಲ್ಲಿ ನನ್ನನ್ನು ಎಸ್‌ಡಿಎಂಸಿ ಸದಸ್ಯೆಯಾಗಿ ಆರಿಸಿದರು. ಆಮೇಲೆ ಒಂದು ಸಭೆಗೂ ಹೋಗಲು ಆಗಿಲ್ಲ. ಮಗಳ ಕೈಯಲ್ಲಿ ಪುಸ್ತಕ ಕಳಿಸುತ್ತಾರೆ, ಗುರುತು ಹಾಕಿದ ಜಾಗದಲ್ಲಿ ಸಹಿ ಹಾಕಿ ಕಳಿಸುತ್ತೇನೆ. ನನಗೆ ಓದಲು ಅಷ್ಟಾಗಿ ಬರುವುದಿಲ್ಲ. ಈ ಪತ್ರವನ್ನೂ ಪಕ್ಕದ ಮನೆಯ ಹುಡುಗಿ ಬರೆದುಕೊಟ್ಟಿದ್ದಾಳೆ. ನನ್ನಂಥವಳು ಸಮಿತಿಯಲ್ಲಿ ಇದ್ದು ಮಾಡುವುದೇನು?

ಉತ್ತರ: ಮುಂದಿನ ಸಲ ಪುಸ್ತಕ ಮನೆಗೆ ಬಂದರೆ ಸಹಿ ಹಾಕದೆ ಹಾಗೆಯೇ ಹಿಂದಕ್ಕೆ ಕಳಿಸಿ, ‘ಸಭೆಗೆ ಬಂದು ಹಾಕುತ್ತೇನೆ’ ಎಂದು ಹೇಳಿಸಿ. ಅದು ನಡಾವಳಿ ಪುಸ್ತಕ. ಇಂಥ ದಿನ ಸಭೆ ಸೇರಿತ್ತು, ಇಂಥ ಖರ್ಚಿಗೆ ಎಲ್ಲರೂ ಒಪ್ಪಿದರು ಎಂದು ಅದರಲ್ಲಿ ಬರೆದಿರುತ್ತದೆ. ನಿಮ್ಮ ಸಹಿ ಬಿದ್ದರೆ ನೀವೂ ಅಲ್ಲಿ ಕೂತು ಒಪ್ಪಿದಿರಿ ಎಂದೇ ಅರ್ಥ. ಪುಸ್ತಕ ಕಳಿಸುವ ಮುಖ್ಯ ಶಿಕ್ಷಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹೆಚ್ಚಿನ ಕಡೆ ಇದು ಕಳ್ಳತನಕ್ಕಿಂತ ಬೇಗ ಕೆಲಸ ಮುಗಿಸುವ ಅಭ್ಯಾಸ. ಅಭ್ಯಾಸವನ್ನು ತಡೆಯಬೇಕಾದವರು ಸದಸ್ಯರೇ.

ನಿಮ್ಮನ್ನು ಯಾರೋ ಕನಿಕರದಿಂದ ಸೇರಿಸಿಕೊಂಡರೆಂದು ತಿಳಿಯಬೇಡಿ. 2009ರಲ್ಲಿ ಸಂಸತ್ತು ಒಪ್ಪಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ, ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಪಾಲು ಜನ ಆ ಶಾಲೆಯ ಮಕ್ಕಳ ತಂದೆತಾಯಿಯರು ಅಥವಾ ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗಗಳ ಮಕ್ಕಳ ಪೋಷಕರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನ ಇರಬೇಕು. ತೋಟದ ಲೈನ್‌ಗಳಿಂದ, ಆದಿವಾಸಿಗಳ ಹಾಡಿಗಳಿಂದ ಮಕ್ಕಳು ಬರುವ ಶಾಲೆಯಲ್ಲಿ ನೀವಿಲ್ಲದೆ ಸಮಿತಿಯೇ ಆಗುವುದಿಲ್ಲ. ಓದು ಬರಹ ಬಲ್ಲವರೇ ಆಗಬೇಕೆಂದು ಆ ಕಲಮು ಎಲ್ಲಿಯೂ ಹೇಳುವುದಿಲ್ಲ. ನಡಾವಳಿಯನ್ನು ಗಟ್ಟಿಯಾಗಿ ಓದಿ ಹೇಳಿ ಎಂದು ಕೇಳಿ. ಓದಿ ಹೇಳಿದರೆ ಅಕ್ಷರ ಬಲ್ಲ ಉಳಿದವರಿಗೂ ಎಷ್ಟೋ ಸಂಗತಿ ಮೊದಲ ಸಲ ತಿಳಿಯುತ್ತದೆ.

ಸಭೆಗೆ ಹೋಗಲಾಗದ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ನಾನು ಮುಖ್ಯ ಶಿಕ್ಷಕನಾಗಿದ್ದ ಒಂದು ಶಾಲೆಯಲ್ಲಿ ಸಭೆಯನ್ನು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಇಡುತ್ತಿದ್ದೆ, ನನಗೆ ಅನುಕೂಲವೆಂದು. ರೊಬಸ್ಟಾ ಕೊಯ್ಲಿನ ಸಮಯದಲ್ಲಿ ಒಬ್ಬರೂ ಬರಲಿಲ್ಲ. ಜವಾಬ್ದಾರಿ ಇಲ್ಲದ ಪೋಷಕರು ಎಂದು ಬೈದುಕೊಂಡು ನಡೆದುಹೋಗುತ್ತಿದ್ದಾಗ ತೋಟದ ಗೇಟಿನ ಹತ್ತಿರ ಸಿಕ್ಕಿದ ಒಬ್ಬ ಸದಸ್ಯೆ, ‘ಸಾರ್, ಮೀಟಿಂಗಿಗೆ ಬಂದರೆ ನನ್ನ ಅರ್ಧ ದಿನದ ಹಣ್ಣು ಹೋಗುತ್ತೆ. ನಿಮ್ಮ ಸಂಬಳ ಹೋಗುತ್ತಾ?’ ಎಂದರು. ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಹನ್ನೊಂದು ಗಂಟೆ ಎಂದರೆ ಏನೆಂದು ನಾನು ಯೋಚಿಸಿಯೇ ಇರಲಿಲ್ಲ. ಅಲ್ಲಿಂದ ಮುಂದೆ ಸಭೆಯನ್ನು ತೋಟದ ರಜೆಯ ದಿನ, ಸಂತೆ ಮುಗಿಸಿ ಬಂದ ಮೇಲೆ, ಸಂಜೆ ನಾಲ್ಕಕ್ಕೆ ಇಟ್ಟೆ. ತಿಂಗಳಿಗೆ ಒಮ್ಮೆಯಾದರೂ ಸಭೆ ಸೇರಬೇಕು, ನಡಾವಳಿ ಸಾರ್ವಜನಿಕರಿಗೆ ಸಿಗುವಂತಿರಬೇಕು ಎಂದು ಕೇಂದ್ರ ಸರ್ಕಾರದ 2010ರ ಮಾದರಿ ನಿಯಮಗಳು ಹೇಳುತ್ತವೆ. ವೇಳೆಯನ್ನು ಸದಸ್ಯರು ಕೂತು ಗೊತ್ತುಮಾಡಿಕೊಳ್ಳಬಹುದು. ನೀವೇ ಬಾಯಿಬಿಟ್ಟು ಕೇಳಿ.

ಗೇಟಿನ ಹತ್ತಿರ ಮಾತಾಡಿದ ಆ ಸದಸ್ಯೆ ಜುಲೈ ತಿಂಗಳ ಸಭೆಗೆ ಬಂದವರು ನೇರವಾಗಿ ಅಡುಗೆ ಕೋಣೆಗೆ ಹೋದರು. ಗೋಡೆಗೆ ಒರಗಿಸಿಟ್ಟಿದ್ದ ಅಕ್ಕಿ ಮೂಟೆಯ ಹಿಂಬದಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದರು, ಅಂಗೈಯನ್ನು ನನ್ನ ಮುಖದ ಹತ್ತಿರ ತಂದರು. ಗೋಡೆಯ ತೇವ ಹೀರಿ ಅಕ್ಕಿ ಮುಗ್ಗಿತ್ತು. ದಾಸ್ತಾನು ಪುಸ್ತಕದಲ್ಲಿ ಅದೇ ವಾರ ‘ಸರಿಯಿದೆ’ ಎಂದು ಬರೆದು ನಾನೇ ಸಹಿ ಮಾಡಿದ್ದೆ. ‘ಮಳೆಗಾಲದಲ್ಲಿ ಮೂಟೆ ಗೋಡೆಗೆ ತಾಗಬಾರದು, ಕೆಳಗೆ ಹಲಗೆ ಬೇಕು’ ಎಂದು ಅವರು ಹೇಳಿದ್ದನ್ನು ನಡಾವಳಿಗೆ ಬರೆಸಿದೆವು. ಹಲಗೆ ಮರುದಿನ ಬಂತು. ಅವರಿಗೆ ತಮ್ಮ ಹೆಸರು ಬರೆಯುವುದರ ಹೊರತು ಬೇರೆ ಅಕ್ಷರ ಬರುತ್ತಿರಲಿಲ್ಲ.

ನೀವು ಕೇಳಲೇಬೇಕಾದ ಇನ್ನೊಂದು ವಿಷಯ ಹಣ. ಸಮಗ್ರ ಶಿಕ್ಷಾ ಯೋಜನೆಯ ಚೌಕಟ್ಟಿನಲ್ಲಿ ಶಾಲೆಗೆ ವರ್ಷಕ್ಕೊಮ್ಮೆ ಬರುವ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಅದರಲ್ಲಿ ಕನಿಷ್ಠ ಶೇಕಡ 10ನ್ನು ಸ್ವಚ್ಛತೆಗೆ ಬಳಸಬೇಕು. ಈ ವರ್ಷ ಎಷ್ಟು ಬಂತು, ಯಾವುದಕ್ಕೆ ಹೋಯಿತು, ಬಿಲ್ಲು ಎಲ್ಲಿದೆ ಎಂದು ಕೇಳುವುದು ಅನುಮಾನದ ಮಾತಲ್ಲ. ಅನುದಾನದ ಬಳಕೆಯನ್ನು ನೋಡುವುದು ಕಾಯ್ದೆಯೇ ಸಮಿತಿಗೆ ಹೊರಿಸಿದ ಕೆಲಸ.

ಪ್ರಶ್ನೆ: ನಮ್ಮದು ಪೊನ್ನಂಪೇಟೆ ಕಡೆಯ ಬೆಳೆಗಾರರ ಕುಟುಂಬ. ಊರಿನ ಶಾಲೆಗೆ ಜಾಗ ಕೊಟ್ಟವರು ನನ್ನ ಅಜ್ಜ. ಶಾಲೆಯ ಸಮಿತಿಯ ಅಧ್ಯಕ್ಷತೆ ಮೊದಲಿನಿಂದಲೂ ನಮ್ಮ ಮನೆಯಲ್ಲಿಯೇ ಇತ್ತು. ನನ್ನ ಮಕ್ಕಳು ಈಗ ಗೋಣಿಕೊಪ್ಪಲಿನ ಖಾಸಗಿ ಶಾಲೆಗೆ ಹೋಗುತ್ತಾರೆಂಬ ಕಾರಣಕ್ಕೆ ನಾನು ಅಧ್ಯಕ್ಷನಾಗಲು ಬಾರದೆನ್ನುತ್ತಿದ್ದಾರೆ. ಇದು ನ್ಯಾಯವೇ?

ಉತ್ತರ: ನ್ಯಾಯವೇ. ಪೋಷಕ ಸದಸ್ಯರು ‘ಆ ಶಾಲೆಗೆ ದಾಖಲಾದ ಮಕ್ಕಳ’ ಪೋಷಕರಾಗಿರಬೇಕು, ಅಧ್ಯಕ್ಷರನ್ನು ಆ ಪೋಷಕ ಸದಸ್ಯರೊಳಗಿನಿಂದಲೇ ಆರಿಸಬೇಕು. ದಾನಿಗಳ ಮನೆತನ ಎಂಬ ಮೀಸಲಾತಿ ಇಲ್ಲ. ಊರ ಹಿರಿಯರು ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಕಾಲದ ನೆನಪು ನಿಮ್ಮ ಪತ್ರದಲ್ಲಿದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ ಕರ್ನಾಟಕ ಸರ್ಕಾರ 2001ರಲ್ಲಿ ಎಸ್‌ಡಿಎಂಸಿಯನ್ನು ತಂದಾಗಲೇ ಆ ಕಾಲ ಮುಗಿಯಿತು. ತನ್ನ ಮಗು ಕೂರದ ಬೆಂಚು ಮುರಿದಿದೆಯೆಂದು ಯಾರಿಗೂ ಬೆಳಿಗ್ಗೆ ಎದ್ದ ಕೂಡಲೇ ನೆನಪಾಗುವುದಿಲ್ಲ. ನಿಮಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ.

ನೀವು ಮಾತ್ರ ಮಾಡಬಹುದಾದ ಒಂದು ಕೆಲಸ ಬಾಕಿ ಇರಬಹುದು. ಅಜ್ಜ ಕೊಟ್ಟ ಜಾಗದ ದಾನಪತ್ರ ನೋಂದಣಿಯಾಗಿದೆಯೇ, ಪಹಣಿಯಲ್ಲಿ ಶಾಲೆಯ ಹೆಸರು ಬಂದಿದೆಯೇ ಎಂದು ನೋಡಿ. ಬಾಯಿಮಾತಿನಲ್ಲಿ ಕೊಟ್ಟ ಜಾಗದಲ್ಲಿ ಹೊಸ ಕೊಠಡಿಗೆ ಮಂಜೂರಾತಿ ಕೇಳುವಾಗ ಮೊದಲು ಬರುವ ಪ್ರಶ್ನೆಯೇ ಇದು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗವಾಗಿದ್ದು ಒಕ್ಕದ, ಅಂದರೆ ಮನೆತನದ, ಹಲವರ ಹೆಸರು ಅದರಲ್ಲಿದ್ದರೆ ಸಿಕ್ಕು ಇನ್ನೂ ಹೆಚ್ಚು, ಮತ್ತು ಅದನ್ನು ಬಿಡಿಸಲು ಒಕ್ಕದವರನ್ನು ಕೂರಿಸಿ ಮಾತಾಡಬಲ್ಲವರು ಲೈನ್ ಮನೆಯ ಸದಸ್ಯೆಯಲ್ಲ, ನೀವು. ಇದಕ್ಕೆ ಅಧ್ಯಕ್ಷರ ಕುರ್ಚಿ ಬೇಕಾಗಿಲ್ಲ.

ಪ್ರಶ್ನೆ: ನಮ್ಮ ಪ್ರಾಥಮಿಕ ಶಾಲೆಯಲ್ಲಿ ದಾಖಲಾತಿ ಸಮಯದಲ್ಲಿ ಎಸ್‌ಡಿಎಂಸಿ ಹೆಸರಿನಲ್ಲಿ ಅಭಿವೃದ್ಧಿ ನಿಧಿ ಎಂದು ಹಣ ಕೇಳುತ್ತಾರೆ. ಕೊಡಲೇಬೇಕೇ?

ಉತ್ತರ: ಬೇಡ. ದಾಖಲಾತಿಗೆ ವಂತಿಗೆ ಪಡೆಯುವುದನ್ನು ಕಾಯ್ದೆಯ 13ನೇ ಕಲಮು ನಿಷೇಧಿಸುತ್ತದೆ; ಪಡೆದರೆ ಆ ಮೊತ್ತದ ಹತ್ತು ಪಟ್ಟಿನವರೆಗೆ ದಂಡವಿದೆ. ಮನಸ್ಸಿದ್ದವರು ಬೇರೆ ದಿನ ಕೊಟ್ಟು ರಸೀದಿ ಪಡೆದರೆ ಅದು ದಾನ.

ಪ್ರಶ್ನೆ: ನಾನು ವಿರಾಜಪೇಟೆ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಶಿಕ್ಷಕಿ. ನಮ್ಮ ಎಸ್‌ಡಿಎಂಸಿ ಅಧ್ಯಕ್ಷರು ಪಾಠದ ನಡುವೆ ತರಗತಿಗೆ ನುಗ್ಗಿ ಮಕ್ಕಳ ಎದುರಿಗೇ ನಮ್ಮನ್ನು ಪ್ರಶ್ನಿಸುತ್ತಾರೆ. ಅವರಿಗೆ ಅಷ್ಟು ಅಧಿಕಾರವಿದೆಯೇ?

ಉತ್ತರ: ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವ ಅಧಿಕಾರ ಸಮಿತಿಗೆ ಇದೆ, ಒಬ್ಬ ಅಧ್ಯಕ್ಷರಿಗೆ ಪ್ರತ್ಯೇಕವಾಗಿ ಇಲ್ಲ. ವೇಳೆಗೆ ಸರಿಯಾಗಿ ಬರುವುದು, ಪಠ್ಯವನ್ನು ಅವಧಿಯೊಳಗೆ ಮುಗಿಸುವುದು, ಪೋಷಕರಿಗೆ ಮಗುವಿನ ಹಾಜರಾತಿ ಮತ್ತು ಕಲಿಕೆಯ ಬಗ್ಗೆ ತಿಳಿಸುವುದು 24ನೇ ಕಲಮಿನ ಪ್ರಕಾರ ನಿಮ್ಮ ಕರ್ತವ್ಯ, ಆದ್ದರಿಂದ ಸಭೆಯಲ್ಲಿ ಇವುಗಳ ಬಗ್ಗೆ ಕೇಳಿದರೆ ನೀವು ಉತ್ತರಿಸಬೇಕು. ಲೋಪ ಕಂಡರೆ ಸಮಿತಿ ಠರಾವು ಬರೆದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರಿಗೆ ಕಳಿಸಬಹುದು. ಶಿಸ್ತು ಕ್ರಮವನ್ನು ಇಲಾಖೆ ತೆಗೆದುಕೊಳ್ಳಬೇಕು, ಅದೂ ನಿಮ್ಮ ಮಾತು ಕೇಳಿದ ಮೇಲೆ. ಮಕ್ಕಳೆದುರಿಗೆ ವಿಚಾರಣೆ ನಡೆಸಲು ಎಲ್ಲಿಯೂ ಅವಕಾಶವಿಲ್ಲ.

ಒಂದು ವಿಚಿತ್ರವನ್ನೂ ಹೇಳಬೇಕು: ಮಾದರಿ ನಿಯಮಗಳ ಪ್ರಕಾರ ಶಿಕ್ಷಕರ ಅಹವಾಲನ್ನು ಮೊದಲು ಕೇಳಬೇಕಾದ್ದೂ ಇದೇ ಸಮಿತಿ. ಅದನ್ನು ಬಳಸಿಕೊಳ್ಳಿ. ಅಧ್ಯಕ್ಷರೊಬ್ಬರೊಂದಿಗೆ ಜಗಲಿಯಲ್ಲಿ ವಾದ ಮಾಡುವ ಬದಲು ನಿಮ್ಮ ದೂರನ್ನು ಒಂದು ಪುಟದಲ್ಲಿ ಬರೆದು ಪೂರ್ಣ ಸಭೆಯ ಮುಂದಿಡಿ. ಹದಿನೆಂಟು ಜನ ಪೋಷಕರಿರುವ ಸಭೆಯಲ್ಲಿ, ಅದರಲ್ಲೂ ಅರ್ಧದಷ್ಟು ತಾಯಂದಿರಿರುವ ಸಭೆಯಲ್ಲಿ, ಟೀಚರನ್ನು ಮಕ್ಕಳೆದುರು ಗದರಿದ್ದನ್ನು ಸಮರ್ಥಿಸುವವರು ಬಹಳ ಕಡಿಮೆ.

ಪ್ರಶ್ನೆ: ಮಡಿಕೇರಿ ತಾಲ್ಲೂಕಿನ ಗುಡ್ಡದ ಊರು ನಮ್ಮದು. ಶಾಲೆಯಲ್ಲಿ ಈಗ 11 ಮಕ್ಕಳಿದ್ದಾರೆ. ದೂರದ ಶಾಲೆಯೊಂದಿಗೆ ವಿಲೀನ ಮಾಡುತ್ತಾರೆಂಬ ಸುದ್ದಿ ಹಬ್ಬಿದೆ. ಮಳೆಗಾಲದಲ್ಲಿ ಆ ದಾರಿಯಲ್ಲಿ ದೊಡ್ಡವರೇ ನಡೆಯುವುದು ಕಷ್ಟ. ಸಮಿತಿಯಾಗಿ ನಾವು ಏನು ಮಾಡಬಹುದು?

ಉತ್ತರ: ಮನವಿ ಹಿಡಿದು ಶಾಸಕರ ಮನೆಗೆ ಹೋಗುವ ಮೊದಲು ಕಾಗದ ಗಟ್ಟಿ ಮಾಡಿಕೊಳ್ಳಿ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟರವರಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂಬುದು ಮಾದರಿ ನಿಯಮ. ಅದೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ, ಅದನ್ನು ಕೊಡಗಿನವರು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ: ದುರ್ಗಮ ಪ್ರದೇಶ, ಭೂಕುಸಿತ ಅಥವಾ ಪ್ರವಾಹದ ಭಯ, ರಸ್ತೆಯಿಲ್ಲದಿರುವುದು ಮುಂತಾದ ಕಾರಣಗಳಿಂದ ಮನೆಯಿಂದ ಶಾಲೆಗೆ ಬರುವ ದಾರಿ ಮಕ್ಕಳಿಗೆ ಅಪಾಯಕಾರಿಯಾಗಿದ್ದರೆ ಈ ದೂರವನ್ನು ಇನ್ನೂ ಕಡಿಮೆ ಮಾಡಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಗುಡ್ಡಗಳು ಜಾರಿದ್ದನ್ನು ಕಂಡ ಜಿಲ್ಲೆಯಲ್ಲಿ ಈ ವಾದವನ್ನು ವಿವರಿಸಬೇಕಾದ ಅಗತ್ಯವಿಲ್ಲ, ದಾಖಲಿಸಬೇಕು ಅಷ್ಟೆ. ಸದಸ್ಯರಲ್ಲಿ ಇಬ್ಬರು ಆ ದಾರಿಯನ್ನು ಒಮ್ಮೆ ನಡೆದು, ಎಲ್ಲಿ ತೋಡು ದಾಟಬೇಕು, ಎಲ್ಲಿ ಗುಡ್ಡದ ಬರೆ ಕುಸಿಯುತ್ತದೆ, ಯಾವ ತಿರುವಿನಲ್ಲಿ ಆನೆ ದಾಟುತ್ತದೆ ಎಂದು ಬರೆದು, ಫೋಟೋ ಸಮೇತ ಠರಾವಿಗೆ ಸೇರಿಸಿ.

ಎರಡನೆಯದಾಗಿ ಮಕ್ಕಳ ಸಂಖ್ಯೆ. ನಿಮ್ಮ ಸುತ್ತಿನ ತೋಟಗಳ ಲೈನ್‌ಗಳಿಗೆ ಹೋಗಿ ಎಣಿಸಿದ್ದೀರಾ? ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಟಿ.ಸಿ. ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ದಾಖಲಾತಿಯ ಅವಧಿ ಮುಗಿದಿದೆ ಎಂಬ ಕಾರಣಗಳಿಂದ ಮನೆಯಲ್ಲಿಯೇ ಉಳಿಯುವುದನ್ನು ನಾನು ಕಂಡಿದ್ದೇನೆ. ಈ ಮೂರರಲ್ಲಿ ಯಾವುದೂ ಮಗುವನ್ನು ಹಿಂದಕ್ಕೆ ಕಳಿಸಲು ಕಾರಣವಾಗದು. ಕಾಯ್ದೆ ಮೂರಕ್ಕೂ ಸ್ಪಷ್ಟವಾಗಿ ಉತ್ತರಿಸಿದೆ. ಕನ್ನಡ ಬಾರದ ಮಗು ಬಂದರೆ ಟೀಚರಿಗೆ ಕಷ್ಟವಾಗುವುದು ನಿಜ. ಆದರೆ ನಮ್ಮ ಶಾಲೆಗಳಲ್ಲಿ ಮನೆಯಲ್ಲಿ ಕೊಡವ ತಕ್ಕ್, ಯರವ, ತುಳು, ಮಲಯಾಳಂ ಆಡುವ ಮಕ್ಕಳು ಯಾವಾಗಲೂ ಇದ್ದವರೇ.

ಮೂರನೆಯದು ಶಾಲಾಭಿವೃದ್ಧಿ ಯೋಜನೆ. ಮೂರು ವರ್ಷಗಳ ದಾಖಲಾತಿ ಅಂದಾಜು, ಬೇಕಾದ ಶಿಕ್ಷಕರು, ಕಟ್ಟಡದ ಅಗತ್ಯ, ವರ್ಷವಾರು ಖರ್ಚು ಅದರಲ್ಲಿರಬೇಕು; 22ನೇ ಕಲಮಿನ ಪ್ರಕಾರ ಸರ್ಕಾರದ ಅನುದಾನಕ್ಕೆ ಆಧಾರವೇ ಈ ಯೋಜನೆ. 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರು ಬೇಕೆಂದು ಕಾಯ್ದೆಯ ಅನುಸೂಚಿ ಹೇಳುತ್ತದೆ, ಅದನ್ನು ಮರೆಯದೆ ಬರೆಯಿರಿ. ಸಮಿತಿ ರಚನೆಯಾದ ಆರ್ಥಿಕ ವರ್ಷ ಮುಗಿಯುವುದಕ್ಕೆ ಮೂರು ತಿಂಗಳು ಮೊದಲೇ, ಅಂದರೆ ಡಿಸೆಂಬರ್ ಕೊನೆಯೊಳಗೆ, ಯೋಜನೆ ಸಿದ್ಧವಾಗಬೇಕು. ಸುಗ್ಗಿಹಬ್ಬ ಪುತ್ತರಿ ಮುಗಿದು ಅರೇಬಿಕಾ ಕೊಯ್ಲು ಜೋರಾಗಿರುವ ಸಮಯ ಅದು, ಯಾರಿಗೂ ಪುರುಸೊತ್ತಿರುವುದಿಲ್ಲ; ಹಾಗಾಗಿ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದ ಕೂಡಲೇ ಶುರು ಮಾಡಿ. ಅಧ್ಯಕ್ಷರ ಮತ್ತು ಮುಖ್ಯ ಶಿಕ್ಷಕರ ಸಹಿ ಹಾಕಿಸಿ ಪಂಚಾಯತಿಗೆ ಒಂದು ಪ್ರತಿ, ಬಿಇಒ ಕಚೇರಿಗೆ ಒಂದು ಪ್ರತಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಎರಡೂ ಕಚೇರಿಗಳ ಸ್ವೀಕೃತಿ ಮುದ್ರೆಯನ್ನು ದಿನಾಂಕ ಸಮೇತ ಹಾಕಿಸಿಕೊಂಡು ಬನ್ನಿ.