ಡೀಲರು ‘ನಾವೊಬ್ಬರೇ’ ಎಂದು ಪತ್ರ ಕೊಟ್ಟರೆ ಟೆಂಡರ್ ಇಲ್ಲದೆ ಖರೀದಿಸಬಹುದೇ?

ಕೊಪ್ಪಳದ ಆಸ್ಪತ್ರೆಯ ರಕ್ತ ಪರೀಕ್ಷೆಯ ಮಷೀನಿಗೆ (ಬಯೋಕೆಮಿಸ್ಟ್ರಿ ಅನಲೈಸರ್) ರಿಯೇಜೆಂಟ್, ಅಂದರೆ ಟೆಸ್ಟಿಗೆ ಬಳಸುವ ರಾಸಾಯನಿಕ, ಬೇಕು, ಮಾರ್ಚ್ 31ರೊಳಗೆ ಬಿಲ್ ಆಗಬೇಕು, ಡೀಲರ ಪತ್ರ ಇಟ್ಟುಕೊಂಡು 4(ಬಿ), ಅಂದರೆ ಟೆಂಡರ್ ಇಲ್ಲದೆ ಒಂದೇ ಮೂಲದಿಂದ ಕೊಳ್ಳುವ ವಿನಾಯಿತಿ, ಹಾಕಬಹುದೇ ಎಂದು ಕೇಳಿದ್ದೀರಿ. ಆ ಪತ್ರದ ಮೇಲೆ ಹಾಕಬೇಡಿ ಸರ್. ಇಂಥದೇ ಫೈಲೊಂದು ರಾಯಚೂರಿನಲ್ಲಿ ನನ್ನ ಟೇಬಲ್ಲಿಗೆ ಬಂದಿತ್ತು. ಇಂಡೆಂಟ್ ಸರಿ, ದರ ಸರಿ, ಸ್ಟಾಕ್ ರಿಜಿಸ್ಟರ್ ಸರಿ. ಆಡಿಟ್‌ನವರು ಹಿಡಿದದ್ದು ಆ ಒಂದೇ ಕಾಗದ.

‘ಈ ಜಿಲ್ಲೆಗೆ ನಾವೇ ಅಧಿಕೃತ ವಿತರಕರು’ ಎಂಬುದು ಕಂಪನಿಯೂ ಡೀಲರೂ ಮಾರಾಟದ ಸೀಮೆ ಹಂಚಿಕೊಂಡ ಮಾತು. 1999ರ ಕೆಟಿಪಿಪಿ ಕಾಯ್ದೆಯ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗಾಗಿ ಇರುವ ಕರ್ನಾಟಕದ ಕಾಯ್ದೆ) ಕಲಂ 4(ಬಿ) ಕೇಳುವುದು ಸಾಮಗ್ರಿಯ ಬಗ್ಗೆ: ಅದು ಒಂದೇ ಮೂಲದಿಂದ ಸಿಗುತ್ತದೆಯೇ ಅಥವಾ ಒಬ್ಬರಿಗೇ ಹಕ್ಕಿದೆಯೇ, ಬದಲಿ ಏನೂ ಇಲ್ಲವೇ. ಅದೇ ಡಬ್ಬಿ ಬಳ್ಳಾರಿಯ ಡೀಲರ ಹತ್ತಿರ ಸಿಕ್ಕರೆ, ಕಂಪನಿಯೇ ನೇರ ಕೊಟ್ಟರೆ, ಅಲ್ಲಿಗೆ ಸ್ಪರ್ಧೆ ಇದೆ. ಒಂದೇ ಮೂಲ ಎಂದು ಘೋಷಿಸುವ ಅಧಿಕಾರ ಡೀಲರಿಗೂ ಇಲ್ಲ, ಕಚೇರಿ ಮುಖ್ಯಸ್ಥರಿಗೂ ಇಲ್ಲ. ಮೂವರು ಪರಿಣಿತರ ಸಮಿತಿ ಬೇಕು: ನಿಮ್ಮ ಸಂಸ್ಥೆಯ ತಾಂತ್ರಿಕ ಪ್ರತಿನಿಧಿ, ಅಂಥದೇ ಖರೀದಿ ಮಾಡುವ ಇನ್ನೊಂದು ರಾಜ್ಯ ಸರ್ಕಾರಿ ಸಂಸ್ಥೆಯವರು, ಆ ವಿಷಯ ಬಲ್ಲ ಶೈಕ್ಷಣಿಕ, ಸಂಶೋಧನಾ ಅಥವಾ ವಾಣಿಜ್ಯೇತರ ಸಂಸ್ಥೆಯವರು. ರಾಯಚೂರಿನ ಆ ಫೈಲಿನಲ್ಲಿ ಮೂವರೂ ಒಂದೇ ಕಚೇರಿಯವರು, ಸಮಿತಿಯ ನಡವಳಿಯ ತಾರೀಖು ಸರಬರಾಜು ಆದೇಶದ ನಂತರದ್ದು. ಸಮಿತಿ ಮೊದಲು, ಆದೇಶ ಆಮೇಲೆ. ಇದು ತಿರುಗುಮುರುಗಾದರೆ ವಿವರಣೆ ಎಷ್ಟು ಚೆಂದ ಬರೆದರೂ ಆಡಿಟ್ ಪ್ಯಾರಾ (ಆಕ್ಷೇಪಣೆ) ಕೈಬಿಡುವುದಿಲ್ಲ. ಅಲ್ಲಿನ ಅಧಿಕಾರಿಯ ನಿವೃತ್ತಿ ಲೆಕ್ಕ ಇದೊಂದಕ್ಕೇ ನಿಂತಿತ್ತು.

ಹಾಗಾಗಿ ಮೊದಲು ಲ್ಯಾಬ್ ಟೆಕ್ನೀಷಿಯನ್ ಅವರನ್ನು ಕೇಳಿ: ಮಷೀನು ಓಪನ್ ಸಿಸ್ಟಮ್ಮೋ, ಕ್ಲೋಸ್ಡ್ ಸಿಸ್ಟಮ್ಮೋ? ಓಪನ್ ಆದರೆ ಬೇರೆ ಕಂಪನಿಯ ರಿಯೇಜೆಂಟಿಗೆ ಪ್ಯಾರಾಮೀಟರ್ ಹಾಕಿ ಓಡಿಸಬಹುದು, 4(ಬಿ) ಮಾತೇ ಬೇಡ, ಟೆಂಡರ್ ಕರೆಯಿರಿ. ಕ್ಲೋಸ್ಡ್ ಆದರೆ ತಯಾರಕರದೇ ಬಾರ್‌ಕೋಡ್ ಇಲ್ಲದ ಡಬ್ಬಿಯನ್ನು ಮಷೀನೇ ಒಪ್ಪುವುದಿಲ್ಲ. ಆಗ ನಿಮ್ಮ ಕಾರಣ ಗಟ್ಟಿ. ಸಮಿತಿಯ ಮುಂದೆ ಮಾಡೆಲ್, ಸೀರಿಯಲ್ ನಂಬರ್, ಇದನ್ನು ಹೇಳುವ ಮ್ಯಾನ್ಯುಯಲ್ ಪುಟ, ಡೀಲರದ್ದಲ್ಲ ತಯಾರಕರದೇ ಪತ್ರ, ಬೇರೆ ಸರ್ಕಾರಿ ಆಸ್ಪತ್ರೆಗಳು ಇದೇ ಡಬ್ಬಿಗೆ ಕೊಟ್ಟ ದರದ ಆದೇಶಗಳನ್ನು ಇಡಿ. ಟೆಂಡರ್ ಬಿಟ್ಟಾಗ ದರ ನ್ಯಾಯವಾದದ್ದು ಎಂದು ತೋರಿಸುವ ಭಾರ ಪೂರ್ತಿ ನಿಮ್ಮ ಮೇಲೇ ಬೀಳುತ್ತದೆ.

ಪ್ರಮಾಣವನ್ನು ಉಳಿದ ಅನುದಾನ ನೋಡಿ ಬರೆಯಬೇಡಿ. ತಿಂಗಳ ರೋಗಿಗಳ ಟೆಸ್ಟು, ಅದರ ಜೊತೆ ಕಂಟ್ರೋಲ್, ಕ್ಯಾಲಿಬ್ರೇಷನ್, ರಿಪೀಟ್ ಸೇರಿಸಿ ಲೆಕ್ಕ ಹಾಕಿ. ಸಾಮಾನ್ಯವಾಗಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಸರಕನ್ನು ಮಾರ್ಚ್‌ನಲ್ಲಿ ವರ್ಷಕ್ಕಾಗುವಷ್ಟು ತರಿಸಿದರೆ, ನಮ್ಮ ಬಿಸಿಲಿಗೆ, ಕರೆಂಟು ಹೋಗುವ ಊರಿಗೆ, ಅರ್ಧ ಎಕ್ಸ್‌ಪೈರಿಗೆ ಹೋಗುತ್ತದೆ. ಬಡವರ ಟೆಸ್ಟಿನ ದುಡ್ಡು ಅದು.

ಇನ್ನು ಮಾರ್ಚ್ 31. ಅದು ತುರ್ತು ಅಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ತುರ್ತು ಅಂದರೆ ಅಂಥದ್ದು. 4(ಎ) ಕೂಡ ಸರ್ಕಾರ ಘೋಷಿಸಿದ ವಿಪತ್ತು ಅಥವಾ ತುರ್ತಿನ ಅವಧಿಗೆ ಮಾತ್ರ. ಸಮಯ ಕಡಿಮೆ ಇದ್ದರೆ ಕೆಟಿಪಿಪಿ ನಿಯಮ 17ರಲ್ಲೇ ದಾರಿ ಇದೆ: ಮೇಲಧಿಕಾರಿ ಕಾರಣವನ್ನು ಲಿಖಿತವಾಗಿ ದಾಖಲಿಸಿ ಅನುಮತಿ ಕೊಟ್ಟ ಅಲ್ಪಾವಧಿ ಟೆಂಡರ್. 4(ಜಿ) ಸರ್ಕಾರವೇ ಅಧಿಸೂಚನೆ ಹೊರಡಿಸುವ ವಿನಾಯಿತಿ, ನಿಮ್ಮ ಕಚೇರಿ ಟಿಪ್ಪಣಿಯಲ್ಲಿ ಬರೆದು ಪಡೆಯುವಂಥದಲ್ಲ. 4(ಇ) ಸಣ್ಣ ಮೊತ್ತಕ್ಕೆ. ಆ ಮಿತಿಯೊಳಗೆ ತರಲು ಒಂದೇ ಇಂಡೆಂಟನ್ನು ತುಂಡು ಮಾಡಿದರೆ ಮೂರು ಬಿಲ್ಲುಗಳ ತಾರೀಖೇ ಸಾಕ್ಷಿ ಹೇಳುತ್ತದೆ. ಕೇಂದ್ರ ಕಚೇರಿಯ ಗೆಳೆಯರು ಜಿಎಫ್‌ಆರ್ 2017ರ (ಕೇಂದ್ರ ಸರ್ಕಾರದ ಹಣಕಾಸು ನಿಯಮಗಳು) ನಿಯಮ 166ರ ಪ್ರೊಪ್ರೈಟರಿ ಸರ್ಟಿಫಿಕೇಟ್ ನಮೂನೆ ಕಳಿಸಿದರೆ ಅದನ್ನು ತುಂಬಬೇಡಿ. ರಾಜ್ಯದ ಫೈಲಿನಲ್ಲಿ ಅದು ಮೂವರ ಸಮಿತಿಯ ಜಾಗ ತುಂಬುವುದಿಲ್ಲ.

ನಿಮ್ಮ ‘ಒಂದೇ ಮೂಲ’ ಹುಟ್ಟಿದ್ದು ಮಷೀನು ಕೊಂಡ ದಿನ. ಮುಂದಿನ ಮಷೀನಿನ ಟೆಂಡರ್‌ನಲ್ಲಿ ಐದು ವರ್ಷದ ರಿಯೇಜೆಂಟ್ ದರವನ್ನು ಪ್ರತಿ ಟೆಸ್ಟಿಗೆ ಇಷ್ಟು ಎಂದು ಬರೆಸಿ, ಎಲ್1 (ಅತಿ ಕಡಿಮೆ ದರದವರು ಯಾರು) ತೀರ್ಮಾನವನ್ನು ಮಷೀನು, ರಿಯೇಜೆಂಟ್, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮೂರೂ ಕೂಡಿಸಿಯೇ ಮಾಡಿಸಿ.